ದಾರಿಯ ಅರಿವು ಮಂಡಳಿಯ ಆಸ್ತಿಯಾಗಲಿ: ಶ್ರೀಶೈಲ ಪಾದಯಾತ್ರಿಗಳಿಗೊಂದು ಬಹಿರಂಗ ಪತ್ರ

ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ಭಾಗದ ಪಾದಯಾತ್ರಾ ಮಂಡಳಿಗಳ ಹಿರಿಯರಿಗೆ, ಕಂಬಿ ಹೊರುವ ಅಣ್ಣತಮ್ಮಂದಿರಿಗೆ, ಜೊತೆಗೆ ನಡೆಯುವ ಅಕ್ಕತಂಗಿಯರಿಗೆ,

ಯುಗಾದಿಯ ಹೊತ್ತಿಗೆ ಮಲ್ಲಯ್ಯನ ದರ್ಶನಕ್ಕೆಂದು ನಮ್ಮ ಜಿಲ್ಲೆಯಿಂದಲೂ ಬಾಗಲಕೋಟೆ, ಬೆಳಗಾವಿ ಕಡೆಯಿಂದಲೂ ಸಾವಿರಾರು ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಮನೆ ಬಿಟ್ಟು ನಾಲ್ಕುನೂರು ಕಿಲೋಮೀಟರಿಗೂ ಹೆಚ್ಚು ಹಾದಿ ಸವೆಸಿ, ಕೃಷ್ಣೆಯನ್ನು ದಾಟಿ, ರಾಯಚೂರು ಸೀಮೆಯ ಬಿಸಿಲು ಕುಡಿದು, ಕರ್ನೂಲು, ಆತ್ಮಕೂರು ಮುಟ್ಟಿ, ಕೊನೆಗೆ ನಲ್ಲಮಲ ಕಾಡಿನ ಏರಿಳಿತಗಳನ್ನು ಹತ್ತಿಳಿದು ನೀವು ಗುಡಿಯ ಬಾಗಿಲಿಗೆ ತಲುಪುತ್ತೀರಿ. ಇಷ್ಟು ದೊಡ್ಡ ನಡಿಗೆಗೆ ಬೇಕಾದ ದಾರಿಯ ತಿಳಿವಳಿಕೆ ಇವತ್ತಿಗೂ ಪ್ರತಿ ಮಂಡಳಿಯಲ್ಲಿ ಇಬ್ಬರು ಮೂವರು ಹಿರಿಯರ ನೆನಪಿನಲ್ಲಷ್ಟೇ ಇದೆ. ಯಾವ ಊರಿನ ಬಾವಿಯ ನೀರು ಸಿಹಿ, ಎಲ್ಲಿ ನಸುಕಿನೊಳಗೆ ಹೆದ್ದಾರಿ ಬಿಡಬೇಕು, ಯಾವ ಶಾಲೆಯ ಪಡಸಾಲೆಯಲ್ಲಿ ವಸ್ತಿ ಮಾಡಬಹುದು, ಕಾಡಿನೊಳಗೆ ಎಲ್ಲಿ ದಾರಿ ಕವಲಾಗುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ಅವರು ಬಾರದ ವರ್ಷ ಮಂಡಳಿ ಹೊಸದಾಗಿ ಎಡವುತ್ತ ಕಲಿಯಬೇಕಾಗುತ್ತದೆ. ಹಾಗಾಗಿ ಪ್ರತಿ ಮಂಡಳಿಯೂ ಕೈಯಲ್ಲಿ ಹಿಡಿಯುವ ಒಂದು ಜಿಪಿಎಸ್ ಸಾಧನವನ್ನು ಇಟ್ಟುಕೊಳ್ಳಲಿ, ಹಿರಿಯರ ಅರಿವನ್ನು ಅದರೊಳಗೆ ಗುರುತುಗಳಾಗಿ ದಾಖಲಿಸಲಿ, ಹೊರಡುವ ಮುನ್ನ ಆ ದಾಖಲೆಯ ಮೇಲೆ ದಿನದಿನದ ನಡಿಗೆಯನ್ನು ಯೋಜಿಸಲಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಸಾಧನ ಏನು ಮಾಡುತ್ತದೆ ಎಂಬುದು ಮೊದಲು ತಿಳಿಯಾಗಲಿ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಪರಮಾಣು ಗಡಿಯಾರದ ವೇಳೆಯನ್ನು ಎಡೆಬಿಡದೆ ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ, ಅವು ಬಂದು ಮುಟ್ಟಲು ಹಿಡಿದ ಹೊತ್ತನ್ನು ಲೆಕ್ಕ ಹಾಕಿ ಸಾಧನವು ತಾನಿರುವ ಅಕ್ಷಾಂಶ, ರೇಖಾಂಶ ಮತ್ತು ಎತ್ತರವನ್ನು ಹೇಳುತ್ತದೆ. ಅದು ಕೇಳುತ್ತದೆ, ಏನನ್ನೂ ಕಳಿಸುವುದಿಲ್ಲ. ಆದ್ದರಿಂದ ಸಿಮ್ ಬೇಡ, ಟವರ್ ಬೇಡ, ತಿಂಗಳ ಬಾಡಿಗೆಯೂ ಇಲ್ಲ. 2000ನೇ ಇಸವಿಯ ಮೇ ತಿಂಗಳ ಆರಂಭದವರೆಗೆ ಅಮೆರಿಕವು ನಾಗರಿಕರ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಆಗ ಗುರುತು ನೂರು ಮೀಟರಿನಷ್ಟು ಆಚೀಚೆ ಆಗುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ತೆರೆದ ಬಯಲಿನಲ್ಲಿ ಐದು ಮೀಟರಿನ ಆಸುಪಾಸಿನ ನಿಖರತೆ ಸಾಮಾನ್ಯ ಸಾಧನಕ್ಕೂ ಸಿಗುತ್ತಿದೆ. 2013ರ ಜುಲೈಯಿಂದ ನಮ್ಮ ಇಸ್ರೋ ಕೂಡ ನಾವಿಕ್ ಹೆಸರಿನ ಸ್ವಂತ ವ್ಯವಸ್ಥೆಗೆ ಉಪಗ್ರಹಗಳನ್ನು ಹಾರಿಸುತ್ತ ಬಂದಿದೆ. ಅದರ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಪಾದಯಾತ್ರಿಗೆ ಬೇಕಾದ ಕೆಲಸಗಳು ಮೂರು. ಒಂದು ಜಾಗವನ್ನು ಹೆಸರಿಟ್ಟು ಉಳಿಸುವುದು, ಅಂದರೆ ವೇಪಾಯಿಂಟ್. ನಡೆದ ಹಾದಿಯನ್ನು ಗೆರೆಯಾಗಿ ಉಳಿಸುವುದು, ಅಂದರೆ ಟ್ರ್ಯಾಕ್. ನಡೆಯಬೇಕಾದ ಹಾದಿಯನ್ನು ಮೊದಲೇ ಜೋಡಿಸಿಡುವುದು, ಅಂದರೆ ರೂಟ್. ಈ ಮೂರನ್ನು ಕಲಿಯಲು ಎಂಜಿನಿಯರಿಂಗ್ ಓದಬೇಕಿಲ್ಲ, ನಾಲ್ಕು ಸಂಜೆ ಸಾಕು.

"ನಮಗೆ ದಾರಿ ತಪ್ಪುವ ಮಾತೇ ಇಲ್ಲ, ಜನರ ಹಿಂದೆ ಜನ ಹೋಗುತ್ತಾರೆ, ಇದೆಲ್ಲ ಯಾಕೆ?" ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ನ್ಯಾಯವಿದೆ, ಹೆದ್ದಾರಿಯಲ್ಲಿ ದಾರಿ ತಪ್ಪುವವರು ಕಡಿಮೆ. ಆದರೆ ಪಾದಯಾತ್ರೆಯ ನಿಜವಾದ ಕಷ್ಟಗಳು ಬೇರೆಯೇ ಇವೆ: ಬಿಸಿಲು, ನೀರು, ಕಾಲಿನ ಬೊಬ್ಬೆ, ಹಿಂದೆ ಉಳಿದವರು, ಕತ್ತಲಲ್ಲಿ ಬರುವ ಲಾರಿ. ಇವೆಲ್ಲವೂ ಎಷ್ಟು ಹೊತ್ತಿಗೆ ಎಲ್ಲಿರುತ್ತೇವೆ ಎಂಬ ಒಂದೇ ಪ್ರಶ್ನೆಗೆ ಕಟ್ಟಿಕೊಂಡಿವೆ. ಯುಗಾದಿ ಬರುವುದು ಮಾರ್ಚ್ ಎರಡನೆಯ ಭಾಗದಲ್ಲಿ, ಇಲ್ಲವೆ ಏಪ್ರಿಲ್ ಮೊದಲ ಭಾಗದಲ್ಲಿ. ಆ ದಿನಗಳಲ್ಲಿ ರಾಯಚೂರು, ಕರ್ನೂಲು ಕಡೆ ಮಧ್ಯಾಹ್ನದ ತಾಪ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಒಂದು ಲೆಕ್ಕ ನೋಡೋಣ. ಗುಂಪು ನಡೆಯುವಾಗ ಗಂಟೆಗೆ 4.5 ಕಿಲೋಮೀಟರ್ ವೇಗವಿದ್ದರೂ ಚಹಾ, ವಿಶ್ರಾಂತಿ, ಹಿಂದಿನವರಿಗಾಗಿ ಕಾಯುವುದು ಸೇರಿದರೆ ಒಟ್ಟು ವೇಗ ಗಂಟೆಗೆ 3 ಕಿಲೋಮೀಟರಿಗೆ ಇಳಿಯುತ್ತದೆ. 30 ಕಿಲೋಮೀಟರಿನ ದಿನಕ್ಕೆ ಹತ್ತು ಗಂಟೆ ಬೇಕು. ನಸುಕಿನ ಮೂರಕ್ಕೆ ಹೊರಟರೂ ಮುಟ್ಟುವುದು ಮಧ್ಯಾಹ್ನ ಒಂದಕ್ಕೆ. ಅದೇ ಗುಂಪು ಬೆಳಗಿನ ಒಂಬತ್ತರೊಳಗೆ 18 ಕಿಲೋಮೀಟರ್ ನಡೆದು ನೆರಳು ಹಿಡಿದು, ಸಂಜೆ ಐದರ ಮೇಲೆ ಉಳಿದ 12 ಕಿಲೋಮೀಟರ್ ನಡೆದರೆ ಸುಡುಬಿಸಿಲನ್ನು ಪೂರ್ತಿ ತಪ್ಪಿಸಿಕೊಳ್ಳುತ್ತದೆ. ಆದರೆ ಸರಿಯಾಗಿ ಆ ಹದಿನೆಂಟನೆಯ ಕಿಲೋಮೀಟರಿನ ಹತ್ತಿರ ನೆರಳೂ ನೀರೂ ಇರುವ ಜಾಗ ಯಾವುದೆಂದು ಮೊದಲೇ ಗೊತ್ತಿರಬೇಕು. ಆ ಜಾಗವನ್ನು ತೋರಿಸಿಕೊಡುವುದು ಹಿಂದಿನ ವರ್ಷದ ಟ್ರ್ಯಾಕ್ ಮತ್ತು ವೇಪಾಯಿಂಟ್.

ನಡಿಗೆಯ ವೇಗಕ್ಕೆ ಪುಸ್ತಕದ ಸೂತ್ರಗಳಿವೆ. ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವನ್ನು ಇಂದಿಗೂ ಚಾರಣಿಗರು ಬಳಸುತ್ತಾರೆ: ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ತಂಪು ನಾಡಿನ, ಗಟ್ಟಿ ಕಾಲಿನ ಕೆಲವರ ಲೆಕ್ಕ. ಹೆಗಲ ಮೇಲೆ ಕಂಬಿ, ಜೊತೆಗೆ ಅರವತ್ತು ದಾಟಿದವರು, ಹರಕೆ ಹೊತ್ತು ಮರಗಾಲಿನ ಮೇಲೆ ನಡೆಯುವವರು, ಬರಿಗಾಲಿನವರು ಇರುವ ನಮ್ಮ ಗುಂಪಿಗೆ ಅದು ಒಪ್ಪುವುದಿಲ್ಲ. ನಮ್ಮ ಗುಂಪಿನ ಸೂತ್ರವನ್ನು ನಾವೇ ಕಂಡುಕೊಳ್ಳಬೇಕು. ಕೈಸಾಧನ ನಡಿಗೆಯ ವೇಗವನ್ನೂ ಒಟ್ಟು ವೇಗವನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಎರಡರ ನಡುವಿನ ಅಂತರ ನಿಂತ ಹೊತ್ತನ್ನು ಹೇಳುತ್ತದೆ. ಮೊದಲ ದಿನ ಎಷ್ಟು, ಐದನೇ ದಿನ ಎಷ್ಟು, ಕಾಡಿನ ಏರಿನಲ್ಲಿ ಎಷ್ಟು ಎಂದು ಒಂದು ಯಾತ್ರೆಯ ಟ್ರ್ಯಾಕನ್ನು ಕೂತು ಓದಿದರೆ ಮುಂದಿನ ಯಾತ್ರೆಯ ಮುಕ್ಕಾಂಗಳನ್ನು ಅಂದಾಜಿನ ಬದಲು ಆಧಾರದ ಮೇಲೆ ಇಡಬಹುದು. ಇದರ ಫಲ ನಡೆಯುವವರಿಗಷ್ಟೇ ಅಲ್ಲ. ಹಾದಿಯುದ್ದಕ್ಕೂ ಊರವರು ಅರವಟ್ಟಿಗೆ ಇಟ್ಟು, ದಾಸೋಹ ಮಾಡಿ ಕಾಯುತ್ತಾರೆ. ಯಾವ ಮಂಡಳಿ ಯಾವ ಹೊತ್ತಿಗೆ ಬರುತ್ತದೆಂಬುದು ತಿಳಿಯದೆ ಒಂದು ಊರಿನಲ್ಲಿ ಮಾಡಿದ ಅಡುಗೆ ಮಿಕ್ಕರೆ, ಇನ್ನೊಂದು ಊರಿನಲ್ಲಿ ರೊಟ್ಟಿ ಸಾಲದೆ ಹೋಗಬಹುದು. ನಿಮ್ಮ ಯೋಜನೆ ಕರಾರುವಾಕ್ಕಾದರೆ ಉಣಬಡಿಸುವವರ ಭಾರವೂ ಇಳಿಯುತ್ತದೆ.

ಎರಡನೆಯ ಆಕ್ಷೇಪ ಹಿರಿಯರದು: "ನಲವತ್ತು ವರ್ಷ ನಡೆದಿದ್ದೇವೆ, ಈ ಹಾದಿ ನಮಗೆ ಗೊತ್ತಿಲ್ಲವೆ?" ಗೊತ್ತಿದೆ. ಆ ಅರಿವು ಬೆಲೆಯುಳ್ಳದ್ದು ಅನ್ನುವ ಕಾರಣಕ್ಕೇ ಅದನ್ನು ಉಳಿಸಿಕೊಳ್ಳಬೇಕು ಎನ್ನುತ್ತಿದ್ದೇನೆ. ಆದರೆ ಹಾದಿ ನಿಂತಲ್ಲಿ ನಿಂತಿಲ್ಲ. ರಸ್ತೆಗಳು ನಾಲ್ಕು ಪಥವಾಗಿ ಅಗಲವಾಗಿವೆ, ಊರೊಳಗೆ ಹಾಯುತ್ತಿದ್ದ ದಾರಿ ಊರ ಹೊರಗಿನ ಬೈಪಾಸ್‌ಗೆ ಸರಿದಿದೆ, ನೆರಳಿನ ಸಾಲುಮರಗಳು ಎಷ್ಟೋ ಕಡೆ ಹೋಗಿವೆ. ನಮ್ಮ ಸೀಮೆಯನ್ನೇ ನೋಡಿ. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳು ಬಂದ ಮೇಲೆ ಒಣ ಹೊಲಗಳ ನಡುವೆ ಕಾಲುವೆಗಳು ಹಾದಿವೆ. ಹಳೆಯ ಚಕ್ಕಡಿ ದಾರಿಗಳಲ್ಲಿ ಕೆಲವು ಕಾಲುವೆಯ ದಂಡೆಗೆ ಬಂದು ನಿಲ್ಲುತ್ತವೆ, ದಾಟಲು ಸೇತುವೆ ಎಲ್ಲಿದೆಯೋ ಅಲ್ಲಿಗೆ ಸುತ್ತಬೇಕು. ನೆನಪಿನಲ್ಲಿರುವ ಹಾದಿಗೂ ನೆಲದ ಮೇಲಿರುವ ಹಾದಿಗೂ ನಡುವಿನ ಈ ವ್ಯತ್ಯಾಸವನ್ನು ಹಿರಿಯರು ನಡೆಯುತ್ತಲೇ ತಿದ್ದಿಕೊಳ್ಳುತ್ತಾರೆ. ಆ ತಿದ್ದುಪಡಿ ಮಾತ್ರ ಎಲ್ಲಿಯೂ ದಾಖಲಾಗುವುದಿಲ್ಲ. ಹಿರಿಯರ ಪಕ್ಕದಲ್ಲಿ ಒಬ್ಬ ತರುಣ ಅಥವಾ ತರುಣಿ ಸಾಧನ ಹಿಡಿದು ನಡೆಯಲಿ. ಹಿರಿಯರು "ಇಲ್ಲಿ ನೀರು", "ಇಲ್ಲಿ ಎಡಕ್ಕೆ", "ಇಲ್ಲಿ ರಾತ್ರಿ ಬೇಡ" ಅಂದ ಕಡೆಯಲ್ಲೆಲ್ಲ ಒಂದು ಗುಂಡಿ ಒತ್ತಿ ಗುರುತು ಹಾಕಲಿ. ಹೀಗೆ ಮಾಡಿದರೆ ಯಂತ್ರ ಹಿರಿಯರ ಜಾಗ ಕಸಿಯುವುದಿಲ್ಲ, ಅವರ ಮಾತು ಅವರ ಕಾಲದಾಚೆಗೂ ನಡೆಯುವಂತೆ ನೋಡಿಕೊಳ್ಳುತ್ತದೆ.

ಮೂರನೆಯದು ತರುಣರ ಆಕ್ಷೇಪ: "ಕೈಯಲ್ಲಿ ಫೋನ್ ಇದೆಯಲ್ಲ?" ಇದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕು. ಇವತ್ತಿನ ಫೋನಿನಲ್ಲಿರುವ ಜಿಪಿಎಸ್ ಕೀಳಲ್ಲ. ಟವರ್ ಇಲ್ಲದ ಕಡೆಯೂ ಅದು ಜಾಗ ಹೇಳಬಲ್ಲದು. ಊರಲ್ಲೇ ನಕ್ಷೆ ಇಳಿಸಿಕೊಂಡಿದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಆಪ್‌ಗಳು ಕಾಡಿನೊಳಗೂ ಕೆಲಸ ಮಾಡುತ್ತವೆ. ಹಾಗಾಗಿ ಸಾಧನ ಕೊಳ್ಳಲು ಆಗದ ಮಂಡಳಿ ಫೋನಿನಿಂದಲೇ ಶುರು ಮಾಡಲಿ, ಏನೂ ಮಾಡದಿರುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಫೋನಿಗೆ ಯಾತ್ರೆಯಲ್ಲಿ ಬೇರೆ ಕೆಲಸಗಳಿವೆ. ಮನೆಗೆ ಮಾತಾಡಬೇಕು, ಫೋಟೋ ತೆಗೆಯಬೇಕು, ರಾತ್ರಿ ಬ್ಯಾಟರಿಯಾಗಿ ಬೆಳಕು ಕೊಡಬೇಕು, ಆಪತ್ತಿನಲ್ಲಿ 112ಕ್ಕೆ ಕರೆ ಮಾಡಬೇಕು. ದಿನವಿಡೀ ಟ್ರ್ಯಾಕ್ ದಾಖಲಿಸುತ್ತ ಸಂಜೆಗೆ ಚಾರ್ಜ್ ಮುಗಿದ ಫೋನು ಈ ಯಾವುದಕ್ಕೂ ಒದಗುವುದಿಲ್ಲ. ಬಿಸಿಲಿನ ಮಾತೂ ಇದೆ: ಐಫೋನ್ ತಯಾರಕರೇ 35 ಡಿಗ್ರಿಯೊಳಗೆ ಬಳಸಿ ಎನ್ನುತ್ತಾರೆ. ಕೈಸಾಧನವನ್ನು ಬಯಲಿನ ಬಳಕೆಗೆಂದೇ ಮಾಡಿರುತ್ತಾರೆ. ಅದರ ಪರದೆ ಬಿಸಿಲು ಬಿದ್ದಷ್ಟೂ ನಿಚ್ಚಳ ಕಾಣುತ್ತದೆ, ಬೆವರಿದ ಕೈಯಿಂದಲೂ ಗುಂಡಿ ಒತ್ತಬಹುದು, ಮಳೆಗೆ ನೆನೆದರೂ ಕೆಡುವುದಿಲ್ಲ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 22ಎಕ್ಸ್ ಎಂಬ ಸಾಧಾರಣ ಮಾದರಿ ಎರಡು ಪೆನ್ಸಿಲ್ ಸೆಲ್‌ಗಳ ಮೇಲೆ 25 ಗಂಟೆ ನಡೆಯುತ್ತದೆಂದು ತಯಾರಕರ ಲೆಕ್ಕ. ಅಂದರೆ ಎರಡು ಮೂರು ದಿನದ ನಡಿಗೆ. ಸೆಲ್ ತೀರಿದರೆ ದಾರಿಯ ಯಾವ ಊರಿನ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತದೆ, ಚಾರ್ಜಿಂಗ್ ಪಾಯಿಂಟಿಗಾಗಿ ಸಾಲು ನಿಲ್ಲಬೇಕಿಲ್ಲ. ಬೆಲೆ ಒಂದು ಸಾಧಾರಣ ಮೊಬೈಲ್ ಫೋನಿನಷ್ಟು. ಮಂಡಳಿಯ ಸದಸ್ಯರೆಲ್ಲ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಸಣ್ಣ ಮೊತ್ತ, ಒಮ್ಮೆ ಕೊಂಡರೆ ಹಲವು ವರ್ಷದ ಮಾತು.

ಎಲ್ಲಕ್ಕಿಂತ ಮುಖ್ಯವಾದ ಕಾರಣ ಹಾದಿಯ ಕೊನೆಯ ಭಾಗದಲ್ಲಿದೆ. ನಾವು ಬಯಲುಸೀಮೆಯ ಮಂದಿ. ನಮ್ಮಲ್ಲಿ ಗೋಳಗುಮ್ಮಟ ಹರದಾರಿಗಳಾಚೆಯಿಂದ ಕಾಣುತ್ತದೆ, ಊರಿನ ಗುಡಿಯ ಶಿಖರ, ಮಸೀದಿಯ ಮಿನಾರು, ನೀರಿನ ಟಾಕಿ ನೋಡಿ ದಿಕ್ಕು ಹಿಡಿಯುವುದು ನಮಗೆ ರೂಢಿ. ಆತ್ಮಕೂರು ಬಿಟ್ಟು ವೆಂಕಟಾಪುರದ ಕಡೆಯಿಂದ ಕಾಡು ಹೊಕ್ಕ ಮೇಲೆ ಈ ರೂಢಿ ಕೆಲಸಕ್ಕೆ ಬರುವುದಿಲ್ಲ. ನಾಗಲೂಟಿ, ಪೆದ್ದ ಚೆರುವು, ಭೀಮನ ಕೊಳ್ಳ, ಕೈಲಾಸ ದ್ವಾರದ ಹಾದಿಯಲ್ಲಿ ಮರ, ತಿರುವು, ಏರಿಳಿತಗಳ ನಡುವೆ ದೂರದ ಗುರುತು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಫೋನಿನ ಸಂಪರ್ಕವೂ ಉದ್ದಕ್ಕೂ ಕೈಗೆ ಹತ್ತುವುದಿಲ್ಲ. ಇನ್ನು ಎಷ್ಟು ದೂರ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೀರು ಎಷ್ಟು ಹೊರಬೇಕು, ದಣಿದವರನ್ನು ಇಲ್ಲೇ ನಿಲ್ಲಿಸಬೇಕೇ ಮುಂದೆ ಕರೆದೊಯ್ಯಬೇಕೇ, ಭೀಮನ ಕೊಳ್ಳದ ಮೆಟ್ಟಿಲಿಗೆ ಬೆಳಕಿರುವಾಗಲೇ ಮುಟ್ಟುತ್ತೇವೆಯೇ ಎಂಬ ನಿರ್ಧಾರಗಳು ಆ ಉತ್ತರದ ಮೇಲೆ ನಿಂತಿವೆ. ಹಿಂದಿನ ವರ್ಷದ ಟ್ರ್ಯಾಕ್ ಸಾಧನದಲ್ಲಿದ್ದರೆ ಮುಂದಿನ ನೀರಿನ ಜಾಗ ಹಾದಿಯ ಅಳತೆಯಲ್ಲೇ ಎಷ್ಟು ದೂರ, ನಡುವೆ ಎಷ್ಟು ಏರು ಎಂದು ತಿಳಿಯುತ್ತದೆ. ಯಾರಾದರೂ ಕುಸಿದು ಬಿದ್ದರೆ, ಸಂಪರ್ಕ ಸಿಗುವ ಜಾಗಕ್ಕೆ ಓಡುವವನ ಕೈಯಲ್ಲಿ ಆ ಸ್ಥಳದ ಅಕ್ಷಾಂಶ–ರೇಖಾಂಶ ಬರೆದ ಚೀಟಿ ಇರುತ್ತದೆ. "ದೊಡ್ಡ ಮರದ ಹತ್ತಿರ" ಎಂದು ಕನ್ನಡದಲ್ಲಿ ಹೇಳಿ, ಅದನ್ನು ತೆಲುಗಿನಲ್ಲಿ ತಿಳಿಯಹೇಳುವ ತೊಡಕು ಅಂಕಿಗಳಿಗೆ ಇಲ್ಲ.

ಇಲ್ಲಿ ಕೆಲವು ತಾಂತ್ರಿಕ ಎಚ್ಚರಿಕೆಗಳನ್ನು ಹೇಳಲೇಬೇಕು. ಇವು ಗೊತ್ತಿಲ್ಲದೆ ಸಾಧನ ಹಿಡಿದರೆ ಅದೇ ದಾರಿ ತಪ್ಪಿಸುತ್ತದೆ. ಮೊದಲನೆಯದು ನೆಟ್ಟ ದೂರ ಮತ್ತು ಹಾದಿಯ ದೂರದ ವ್ಯತ್ಯಾಸ. ಗೋಳಗುಮ್ಮಟದ ಬಳಿ ನಿಂತು ಶ್ರೀಶೈಲವನ್ನು ಆರಿಸಿದರೆ ಸಾಧನ ಸುಮಾರು 345 ಕಿಲೋಮೀಟರ್ ಎನ್ನುತ್ತದೆ. ಅದು ಹಕ್ಕಿ ಹಾರುವ ದೂರ, ನಡೆಯುವುದು ಅದಕ್ಕಿಂತ ಬಹಳ ಹೆಚ್ಚು. ಕಾಡಿನಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಎರಡನೆಯದು ಅಂಕಿ ಬರೆಯುವ ರೀತಿ. ಯುಟಿಎಂ ಎಂಬ ಜಾಲಪದ್ಧತಿಯಲ್ಲಿ ಭೂಮಿಯನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಹಂಚಿದ್ದಾರೆ. ವಿಜಯಪುರ 43ನೇ ಪಟ್ಟಿಯಲ್ಲಿದೆ, ಶ್ರೀಶೈಲ 44ನೆಯದರಲ್ಲಿ. ಎರಡರ ಗಡಿಯಾದ 78 ಡಿಗ್ರಿ ಪೂರ್ವ ರೇಖಾಂಶ ಕರ್ನೂಲಿನ ಮಗ್ಗುಲಲ್ಲೇ ಹಾಯುತ್ತದೆ. ನಡುದಾರಿಯಲ್ಲಿ ಅಂಕಿಗಳ ಅರ್ಥ ಬದಲಾಗದಿರಲು ಎಲ್ಲ ಮಂಡಳಿಗಳೂ ದಶಮಾಂಶ ಡಿಗ್ರಿಯನ್ನೇ ಬಳಸಲಿ. ನಾಲ್ಕು ದಶಮಾಂಶ ಸ್ಥಾನ ಬರೆದರೆ ಹನ್ನೊಂದು ಮೀಟರಿನೊಳಗೆ ಜಾಗ ಸಿಗುತ್ತದೆ, ಅಷ್ಟು ಸಾಕು. ಮೂರನೆಯದು ನಕ್ಷೆಯ ಆಧಾರ. ಸರ್ವೆ ಆಫ್ ಇಂಡಿಯಾದ ಹಳೆಯ ಭೂನಕ್ಷೆಗಳು ಎವರೆಸ್ಟ್ ಹೆಸರಿನ ಅಳತೆಯ ಮೇಲೆ ನಿಂತಿವೆ, ಜಿಪಿಎಸ್ ನಿಂತಿರುವುದು ಡಬ್ಲ್ಯುಜಿಎಸ್ 84ರ ಮೇಲೆ. ಎರಡನ್ನೂ ಬೆರೆಸಿದರೆ ನಮ್ಮ ಭಾಗದಲ್ಲಿ ಗುರುತು ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ, ಕಾಡಿನ ಕವಲುದಾರಿಯಲ್ಲಿ ಅದು ಸಣ್ಣ ತಪ್ಪಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಬಂದ 1:50,000 ಪ್ರಮಾಣದ ಓಪನ್ ಸೀರೀಸ್ ನಕ್ಷೆಗಳು ಜಿಪಿಎಸ್‌ಗೆ ಹೊಂದುತ್ತವೆ, ಅವನ್ನೇ ಬಳಸಿರಿ. ನಾಲ್ಕನೆಯದು, ಕೊಳ್ಳಗಳಲ್ಲಿ ಸಂಕೇತ ಬಂಡೆಗೆ ಬಡಿದು ತಡವಾಗಿ ಬರುವುದರಿಂದ ಗುರುತು ಓಲಾಡುತ್ತದೆ. ಅಂಥಲ್ಲಿ ಒಂದು ಅಂಕಿಯನ್ನು ನಂಬಿ ತಿರುಗಬಾರದು. ಸಾಧನ ಹೇಳಿದ್ದನ್ನು ಕಾಗದದ ನಕ್ಷೆಯೋ ಕಣ್ಣೆದುರಿನ ಗುರುತೋ ಹಿರಿಯರ ಮಾತೋ ಒಪ್ಪಿದರೆ ಮಾತ್ರ ಹೆಜ್ಜೆ ಇಡುವುದು ನಿಯಮವಾಗಲಿ. ಯಂತ್ರವನ್ನು ನಂಬಿದರೆ ಬುದ್ಧಿ ಮಂಕಾಗುತ್ತದೆ ಎನ್ನುವವರಿಗೂ ಇದೇ ನನ್ನ ಉತ್ತರ. ಎರಡು ಸಾಕ್ಷಿ ಕೇಳುವ ಅಭ್ಯಾಸ ಬುದ್ಧಿಯನ್ನು ಚುರುಕಾಗಿಯೇ ಇಡುತ್ತದೆ.

ಕಾನೂನಿನ ಬಗ್ಗೆಯೂ ಅಂಜಿಕೆ ಇದೆ, ಅದು ಪೂರ್ತಿ ಆಧಾರವಿಲ್ಲದ್ದಲ್ಲ. ಸಂಕೇತವನ್ನು ಕೇಳುವ ಸಾಧನ ಬೇರೆ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಬೇರೆ. ಎರಡನೆಯದನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಅಂಥವನ್ನು ತಂದ ಪ್ರವಾಸಿಗರನ್ನು ವಿಮಾನ ನಿಲ್ದಾಣಗಳಲ್ಲೇ ತಡೆದ ಪ್ರಕರಣಗಳಿವೆ. ಹೊರದೇಶದಲ್ಲಿರುವ ಮಕ್ಕಳಿಂದ ಸಾಧನ ತರಿಸುವವರು ಇದನ್ನು ಖಚಿತಪಡಿಸಿಕೊಂಡೇ ತರಿಸಲಿ, ಸಂದೇಶ ಕಳಿಸುವ ಸೌಲಭ್ಯವಿರುವ ಮಾದರಿ ನಮಗೆ ಬೇಡ. ಇನ್ನು ಹಾದಿಯ ನಕ್ಷೆ ಮಾಡಿಕೊಳ್ಳುವುದಕ್ಕೆ ತಡೆಯಿಲ್ಲ. 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ನಂತರ ಭಾರತೀಯರು ಇಂಥ ದತ್ತಾಂಶ ಸಂಗ್ರಹಿಸಲು ಮುಂಚಿತವಾಗಿ ಅನುಮತಿ ಪಡೆಯಬೇಕಿಲ್ಲ, ಸೂಕ್ಷ್ಮ ಸ್ಥಳಗಳ ನಿಬಂಧನೆ ಮಾತ್ರ ಉಳಿದಿದೆ. ಆದರೆ ಕಾನೂನಿಗಿಂತ ದೊಡ್ಡ ಹೊಣೆ ಕಾಡಿನದು. ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ ದೇಶದ ಅತಿ ದೊಡ್ಡ ಹುಲಿ ತಾಣಗಳಲ್ಲಿ ಒಂದು. ಅಲ್ಲಿ ನಾವು ಅತಿಥಿಗಳು. ಅರಣ್ಯ ಇಲಾಖೆ ತೆರೆದ ಹಾದಿಯಲ್ಲಿ, ತೆರೆದ ದಿನಗಳಲ್ಲಿ ಮಾತ್ರ ನಡೆಯಬೇಕು. ಜಿಪಿಎಸ್ ಇದೆ ಎಂಬ ಧೈರ್ಯದಲ್ಲಿ ಅಡ್ಡದಾರಿ ಹುಡುಕುವುದು, ಅದನ್ನು ದಾಖಲಿಸಿ ಹಂಚುವುದು ಅಪರಾಧವೂ ಹೌದು, ಅಪಾಯವೂ ಹೌದು. ಒಬ್ಬರ ಟ್ರ್ಯಾಕ್ ನಾಳೆ ನೂರು ಜನರ ದಾರಿಯಾಗುತ್ತದೆ. ತಪ್ಪಿ ಹೊಕ್ಕ ಕವಲಿನ ಗೆರೆಯನ್ನು ಹಂಚುವ ಮುನ್ನ ಅಳಿಸುವುದು ದಾಖಲೆ ಇಡುವವರ ಮೊದಲ ಕರ್ತವ್ಯ.

ಭಕ್ತಿಯ ಕಡೆಯಿಂದ ಬರುವ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. "ಮಲ್ಲಯ್ಯ ಕರೆದರೆ ದಾರಿ ತಾನೇ ತೆರೆಯುತ್ತದೆ, ಕಷ್ಟವೇ ಹರಕೆ, ಅದನ್ನು ಲೆಕ್ಕ ಹಾಕಿ ಹಗುರ ಮಾಡಿಕೊಂಡರೆ ಯಾತ್ರೆಗೆ ಏನು ಬೆಲೆ?" ಎಂಬುದು ಹಲವರ ಮನದಾಳದ ಮಾತು. ಆದರೆ ಪಾದಯಾತ್ರೆ ಯಾವತ್ತೂ ಯೋಜನೆಯಿಲ್ಲದೆ ನಡೆದಿಲ್ಲ. ಭೀಮನ ಕೊಳ್ಳದಲ್ಲಿ ಮೆಟ್ಟಿಲು ಕಟ್ಟಿಸಿದವರು, ಹಾದಿಬದಿಗೆ ಬಾವಿ ತೋಡಿಸಿದವರು, ಸಾಲುಮರ ನೆಟ್ಟವರು, ಅರವಟ್ಟಿಗೆ ಇಟ್ಟವರು ಎಲ್ಲರೂ ನಡೆಯುವವರ ಸಂಕಟವನ್ನು ಇಳಿಸಲೆಂದೇ ಮಾಡಿದರು, ಅದನ್ನು ಪುಣ್ಯವೆಂದೇ ಮಾಡಿದರು. ಹರಕೆ ಹೊತ್ತವನು ಸ್ವಇಚ್ಛೆಯಿಂದ ಹೊರುವ ಕಷ್ಟ ಒಂದು, ತಯಾರಿಯಿಲ್ಲದ ಗುಂಪು ತನ್ನ ನಡುವಿನ ಮುದುಕರಿಗೂ ಹೆಂಗಸರಿಗೂ ಹೊರಿಸುವ ಕಷ್ಟ ಇನ್ನೊಂದು. ಮೊದಲನೆಯದು ಭಕ್ತಿ, ಎರಡನೆಯದು ಅಲಕ್ಷ್ಯ. ಬಿಸಿಲಿಗೆ ತಲೆ ಸುತ್ತಿ ಬಿದ್ದ ಅಜ್ಜಿಗೆ ನೀರಿನ ಜಾಗ ಅರ್ಧ ಕಿಲೋಮೀಟರಿನಲ್ಲೇ ಇತ್ತೆಂದು ಆಮೇಲೆ ತಿಳಿಯುವುದರಲ್ಲಿ ಯಾವ ಹರಕೆಯೂ ತೀರುವುದಿಲ್ಲ. ಬಾವಿಯನ್ನು ಗುರುತಿಸಿಡುವುದು ಬಾವಿ ತೋಡಿಸಿದವರ ಕೆಲಸವನ್ನೇ ಮುಂದುವರಿಸಿದಂತೆ.

ಕಲಿಯಲು ದೂರ ಹೋಗಬೇಕಿಲ್ಲ. ನಗರ, ತಿಕೋಟಾ, ಬಬಲೇಶ್ವರದ ತ್ರಿಕೋನವೇ ಒಳ್ಳೆಯ ಪಾಠಶಾಲೆ. ಗೋಳಗುಮ್ಮಟದ ಅಂಗಳದಲ್ಲಿ ಸಾಧನ ತೆರೆದರೆ ಅಕ್ಷಾಂಶ 16.830, ರೇಖಾಂಶ 75.736ರ ಸುತ್ತ ಬರಬೇಕು. ಬರದಿದ್ದರೆ ಸೆಟ್ಟಿಂಗ್ ತಪ್ಪಿದೆ ಎಂದರ್ಥ. ಅಲ್ಲಿಂದ ಪಶ್ಚಿಮಕ್ಕೆ, ಆದಿಲ್‌ಶಾಹಿಗಳ ಕಾಲದಲ್ಲಿ ನಗರಕ್ಕೆ ನೀರು ಬರುತ್ತಿದ್ದ ತೊರವಿಯನ್ನು ದಾಟಿ ತಿಕೋಟಾಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ಪಾದಯಾತ್ರೆಯ ಒಂದು ದಿನದ ಬೆಳಗಿನ ನಡಿಗೆಗೆ ಅದು ಸರಿಹೊಂದುವ ಅಳತೆ. ಬಬಲೇಶ್ವರದ ಕಡೆಗೆ ಹೊರಟರೆ ಸಾರವಾಡದ ಹತ್ತಿರ ಡೋಣಿ ನದಿ ಸಿಗುತ್ತದೆ. ಡೋಣಿಯ ನೀರು ಉಪ್ಪು. ನಕ್ಷೆಯ ಮೇಲಿನ ನೀಲಿ ಗೆರೆಯೆಲ್ಲ ಕುಡಿಯುವ ನೀರಲ್ಲ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಜಾಗ ಬೇರೆಯಿಲ್ಲ. ವೇಪಾಯಿಂಟಿಗೆ ಬರೀ "ನೀರು" ಎಂದು ಹೆಸರಿಡದೆ ಸಿಹಿಯೋ ಸವುಳೋ, ಬೇಸಿಗೆಯಲ್ಲೂ ಇರುತ್ತದೋ ಎಂದು ಬರೆಯಬೇಕೆಂಬುದು ಅಲ್ಲೇ ಮನದಟ್ಟಾಗುತ್ತದೆ. ಮಳೆ ಬಿದ್ದ ಮಾರನೆಯ ದಿನ ಎರಿ ಹೊಲದ ನಡುವಿನ ದಾರಿ ಹಿಡಿದು ನೋಡಿ. ಪರದೆಯ ಮೇಲೆ ಸಣ್ಣದಾಗಿ ಕಾಣುವ ಹಾದಿ ಕಾಲಿಗೆ ಮೆತ್ತುವ ಮಣ್ಣಿನಲ್ಲಿ ಎರಡು ಪಟ್ಟು ಹೊತ್ತು ತಿನ್ನುತ್ತದೆ. ಈ ಅನುಭವವಾದ ಮೇಲೆ ದಸರೆಯ ಹೊತ್ತಿನ ತುಳಜಾಪುರದ ನಡಿಗೆಯಲ್ಲೋ ಆಷಾಢದ ಪಂಢರಪುರದ ನಡಿಗೆಯಲ್ಲೋ ಸಾಧನವನ್ನು ಪರೀಕ್ಷಿಸಿ, ಶ್ರೀಶೈಲದ ಹಾದಿಗೆ ಸಿದ್ಧರಾಗಬಹುದು.

ನನ್ನ ಕೋರಿಕೆಯನ್ನು ಕೆಲಸಗಳಾಗಿ ಹೇಳಿ ಮುಗಿಸುತ್ತೇನೆ. ಪ್ರತಿ ಮಂಡಳಿ ಒಂದು ಸಾಧನ ಕೊಳ್ಳಲಿ, ಆಗದಿದ್ದರೆ ನೆರೆಯ ಮಂಡಳಿಯ ಜೊತೆ ಹಂಚಿಕೊಳ್ಳಲಿ. ಅದನ್ನು ಬಳಸಲು ಇಬ್ಬರಿಗೆ ಕಲಿಸಲಿ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ. ಹೆಂಗಸರಿಗೆ ಸುರಕ್ಷಿತ ವಸ್ತಿ, ಶೌಚಾಲಯ ಎಲ್ಲಿವೆ ಎಂಬ ಗುರುತುಗಳು ಗಂಡಸರ ದಾಖಲೆಯಲ್ಲಿ ಸುಲಭವಾಗಿ ಬಿಟ್ಟುಹೋಗುತ್ತವೆ. ಹೊರಡುವ ಒಂದು ತಿಂಗಳ ಮೊದಲು ಹಿರಿಯರನ್ನು ಕೂರಿಸಿಕೊಂಡು ದಿನದಿನದ ಮುಕ್ಕಾಂ, ನೆರಳು, ನೀರು, ಆಸ್ಪತ್ರೆಗಳ ಪಟ್ಟಿ ಮಾಡಿ, ಅದರ ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ ಪ್ರತಿಯೊಬ್ಬರ ಚೀಲದಲ್ಲಿ ಇಡಲಿ. ಒಬ್ಬರು ಮುಂದೆ, ಸಾಧನ ಹಿಡಿದವರು ಕೊನೆಯಲ್ಲಿ ನಡೆಯಲಿ, ಏಕೆಂದರೆ ನೆರವು ಬೇಕಾಗುವುದು ಹಿಂದೆ ಉಳಿದವರಿಗೆ. ಯಾತ್ರೆ ಮುಗಿದ ಹದಿನೈದು ದಿನದೊಳಗೆ ಮೂರೂ ಕಡೆಯ ಮಂಡಳಿಗಳು ಒಂದೆಡೆ ಸೇರಿ ತಮ್ಮ ಟ್ರ್ಯಾಕ್, ವೇಪಾಯಿಂಟ್‌ಗಳಿರುವ ಜಿಪಿಎಕ್ಸ್ ಫೈಲುಗಳನ್ನು ಜೋಡಿಸಿ, ಬತ್ತಿದ ಬಾವಿ, ಮುಚ್ಚಿದ ದಾರಿ, ಹೊಸ ಅರವಟ್ಟಿಗೆಗಳನ್ನು ತಿದ್ದಿ ಒಂದೇ ದಾಖಲೆ ಮಾಡಲಿ, ಅದನ್ನು ಕೇಳಿದ ಯಾವ ಊರಿನ ಪಾದಯಾತ್ರಿಗಾದರೂ ಉಚಿತವಾಗಿ ಕೊಡಲಿ. ಮೂರು ವರ್ಷ ಹೀಗೆ ಮಾಡಿದರೆ ವಿಜಯಪುರದಿಂದ ಶ್ರೀಶೈಲದವರೆಗಿನ ಹಾದಿಗೆ ನಡೆದವರೇ ಬರೆದ, ನಡೆದವರೇ ತಿದ್ದಿದ ನಕ್ಷೆ ನಮ್ಮ ಕೈಯಲ್ಲಿರುತ್ತದೆ. ಯಾವ ಇಲಾಖೆಯೂ ಯಾವ ಕಂಪನಿಯೂ ನಮಗಾಗಿ ಅದನ್ನು ಮಾಡಿಕೊಡುವುದಿಲ್ಲ, ಏಕೆಂದರೆ ಯುಗಾದಿಯ ಬಿಸಿಲಿನಲ್ಲಿ ಆ ಹಾದಿಯನ್ನು ಕಾಲಿನಿಂದ ಅಳೆಯುವವರು ನೀವು. ಬರುವ ಯಾತ್ರೆಯ ಪೂರ್ವಭಾವಿ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಿ, ಒಪ್ಪಿಗೆಯಾಗದ ಮಾತುಗಳನ್ನು ಎದುರಿಗಿಟ್ಟು ವಾದಿಸಿ, ಒಪ್ಪಿದ್ದನ್ನು ಅದೇ ಸಭೆಯಲ್ಲಿ ಠರಾವು ಮಾಡಿ ಎಂದು ಕಳಕಳಿಯಿಂದ ಬೇಡಿಕೊಳ್ಳುತ್ತೇನೆ.

ಇತಿ,
ನಿಮ್ಮ ನಡಿಗೆಯ ಹಿತ ಬಯಸುವ,
ವಿಜಯಪುರದ ಒಬ್ಬ ನಾಗರಿಕ